ಒಲ್ಲೆ ಅನ್ನೋ ಪಟ್ಟಿ ಮೊದಲ ಬರಿ

ಕಲಬುರಗಿ

ಚಿರಂಜೀವಿ ತಮ್ಮಗ ದೊಡ್ಡವ್ವನ ಆಶೀರ್ವಾದ.

ಸೇಡಂ ರಸ್ತೆದಾಗ ಆಫೀಸ್ ತಗೊಂಡು, ಮನಿಗಳಿಗೆ ನರ್ಸ್, ಅಟೆಂಡರ್ ಕಳಿಸೋ ಕೆಲಸ ಚಾಲೂ ಮಾಡ್ಲಾಕತ್ತಿ ಅಂತ ನಿಮ್ಮವ್ವ ಹೇಳಿದಳು. ಚಲೋ ಆತು. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್ ಸೇರ್ಯಾರ. ಹಿರೇರು ಬ್ರಹ್ಮಪುರ, ಶಹಾಬಜಾರದಾಗೇ ಉಳದಾರ. ರೊಕ್ಕ ಕೊಡೋರು ಅಲ್ಲಿ, ಹಾಸಗಿ ಹಿಡದೋರು ಇಲ್ಲಿ. ನಿನ್ನ ತ್ರಾಸು ಶುರುವಾಗೋದೇ ಇದರಿಂದ.

ಫೋನ್ ಹಿಂಗ ಬರ್ತದ ನೋಡು: "ಅಪ್ಪಗ ಲಕ್ವಾ ಹೊಡದದ್ರಿ, ಒಬ್ಬ ಅಟೆಂಡರ್ ಸಾಕು. ಇನ್ಸುಲಿನ್, ಪೈಪ್ ಬದಲಿ ಮಾಡೋದು ಎಲ್ಲಾ ಅವನೇ ಮಾಡ್ಲಿ." ಅಟೆಂಡರ್ ಪಗಾರದಾಗ ನರ್ಸ್ ಕೆಲಸ ಬೇಕಾಗಿರ್ತದ. ನೀ ಹೂಂ ಅಂದ್ರ ಗಿರಾಕಿ ಉಳೀತಾನ, ಆದ್ರ ಮುಂದಿನದೆಲ್ಲಾ ನಿನ್ನ ತಲಿ ಮ್ಯಾಲೆ. ಮೈ ಒರೆಸೋದು, ಡೈಪರ್ ಬದಲಿಸೋದು, ಉಣಿಸೋದು, ಕೈ ಹಿಡದು ಸಂಡಾಸಕ್ಕ ಕರಕೊಂಡು ಹೋಗೋದು ಅಟೆಂಡರ್ ಕೆಲಸ. ಸೂಜಿ, ಸಲೈನ್, ಉಚ್ಚಿ ನಳಿಗಿ, ಮೂಗಿನ ನಳಿಗಿ ಹಾಕೋದು ನರ್ಸ್ ಕೆಲಸ, ಅದೂ ಡಾಕ್ಟರ ಚೀಟಿ ಇದ್ರ ಮಾತ್ರ. ಮೂಗಿನ ನಳಿಗ್ಯಾಗ ಗಂಜಿ ಬಿಡೋದನ್ನ ಅಟೆಂಡರಗ ಕಲಿಸಬಹುದು. ನರ್ಸ್ ಎದುರಿಗೆ ನಿಂತು ಮಾಡಿಸಿ ನೋಡಿದ ಮ್ಯಾಲೇ ಒಬ್ಬನ್ನ ಬಿಡು. ತಲಿ ಎತ್ತರ ಮಾಡಿ ಕೊಡಬೇಕು, ಕೊಟ್ಟ ಮ್ಯಾಲೂ ಅರ್ಧ ತಾಸು ಮಲಗಿಸಬಾರದು. ಇಲ್ಲಂದ್ರ ಗಂಜಿ ಪುಪ್ಪಸಕ್ಕ ಹೋಗ್ತದ. ನರ್ಸ್ ಅಂತ ಬಂದೋರ ಹೆಸರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಾಗ ಅದನೋ ಇಲ್ಲೋ ನೀನೇ ನೋಡು. ಸರ್ಟಿಫಿಕೇಟಿನ ಝೆರಾಕ್ಸ್ ನಂಬಬ್ಯಾಡ.

ಬ್ಯಾಸಗ್ಯಾಗ ಇನ್ನೊಂದು ಕಾಟ ಅದ. ಬಿಸಲು 42 ದಾಟಿತು ಅಂದ್ರ "ಅವ್ವ ಸುಸ್ತಾಗ್ಯಾಳ್ರಿ, ಒಂದು ಬಾಟ್ಲಿ ಏರಸ್ರಿ" ಅಂತಾರ. ನಮ್ಮ ಕಡಿ ಬಾಟ್ಲಿ ಏರಿಸದಿದ್ರ ಇಲಾಜೇ ಆಗಿಲ್ಲ ಅನ್ನೋ ಹಟ ನಿನಗೂ ಗೊತ್ತದ. ಹೃದಯ, ಕಿಡ್ನಿ ಬಲ ಕಳಕೊಂಡ ಮುದುಕಿಗೆ ಅದೇ ಸಲೈನ್ ಪುಪ್ಪಸದಾಗ ನೀರು ತುಂಬಿಸ್ತದ. ಡಾಕ್ಟರ್ ಚೀಟಿ ಬರದು ಕೊಟ್ಟಿಲ್ಲ, ನಾವು ಏರಸಂಗಿಲ್ಲ ಅಂತ ಸೀದಾ ಹೇಳು. ಸಿಟ್ಟಾಗಿ ಬ್ಯಾರೆಯವರನ್ನ ಕರೀಲಿ.

ರೋಗಿ ಮಗ್ಗಲದಾಗ ಒಂದು ವಹಿ ಇಡು, ನಿನ್ನ ಆಫೀಸಿನಾಗ ಬ್ಯಾಡ. ಎಷ್ಟಕ್ಕ ಮಗ್ಗಲ ಬದಲಿಸಿದ್ರು, ಉಚ್ಚಿ ಎಷ್ಟಾತು, ಶುಗರ್ ಎಷ್ಟು, ಆವಾಗಾವಾಗ ಬರೀಲಿ. ಅಟೆಂಡರಗ ಉರ್ದುನೇ ಬರತಿದ್ರ ಉರ್ದುದಾಗ ಬರೀಲಿ, ಮನ್ಯಾಗಿನವರಿಗೆ ತಿಳದ್ರ ಸಾಕು. ದಿನಾ ಬಿ.ಪಿ. 120/80 ಅಂತಲೇ ಬರದಿಟ್ಟಿದ್ರ ರಟ್ಟಿಗೆ ಪಟ್ಟಿನೇ ಸುತ್ತಿಲ್ಲ ಅಂತ ತಿಳ್ಕೋ. ವಾರಕ್ಕೊಮ್ಮೆ ಹೇಳದೇ ಹೋಗಿ ನೋಡು. ವಹಿ ಆಮ್ಯಾಲೆ, ಮೊದಲ ರೋಗೀನ್ನ ಮಗ್ಗಲ ಹೊರಳಿಸಿ ಟೊಂಕದ ಕೆಳಗ, ಹಿಮ್ಮಡಿ ಹಿಂದ ನೋಡಬೇಕು. ಕೆಂಪಾದ ಕಡಿ ಬೆರಳಿಲೆ ಒತ್ತು. ಒತ್ತಿದ್ರೂ ಬೆಳ್ಳಗಾಗದಿದ್ರ ಹಾಸಗಿ ಹುಣ್ಣು ಶುರುವಾಗ್ಯದ. ಎರಡು ತಾಸಿಗೊಮ್ಮೆ ಹೊರಳಿಸೇವಿ ಅಂತ ವಹ್ಯಾಗ ಏನೇ ಇರಲಿ. ನಮ್ಮ ಬಿಸಲಾಗ ರೆಗ್ಜಿನ್ ಮ್ಯಾಲೆ ಬೆವತು ಮಲಗಿದವರಿಗೆ ಇದು ಲಗೂನ ಆಗ್ತದ.

ಚುಚ್ಚಿದ ಸೂಜಿ ಮನಿ ಕಸದಾಗ ಬಿಡಬಾರದು, ಕಸದ ಗಾಡಿಯವರ ಕೈಗೆ ಚುಚ್ತದ. 2016ರ ವೈದ್ಯಕೀಯ ತ್ಯಾಜ್ಯ ನಿಯಮದಾಗ ಸೂಜಿಗೆ ಬಿಳಿ ಡಬ್ಬಿ ಅಂತ ಹೇಳ್ಯಾರ. ನರ್ಸ್ ಕೈಯಾಗೇ ಡಬ್ಬಿ ಕಳಿಸಿ ವಾಪಸ್ ತರಿಸು, ವಿಲೇವಾರಿಗೆ ಪರವಾನಗಿ ಇದ್ದೋರಿಗೇ ಕೊಡು.

ಕಾಗದದ ಕೆಲಸ ಬ್ಯಾಸರ, ಖರೆ. ಕಾರ್ಮಿಕ ಇಲಾಖೆದಾಗ ಅಂಗಡಿ ಕಾಯ್ದೆ ನೋಂದಣಿ ಮಾಡಿಸು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಿನ್ನ ಕೆಲಸಕ್ಕ ಹತ್ತತದೇನು ಅಂತ ಜಿಲ್ಲಾ ಆರೋಗ್ಯಾಧಿಕಾರಿ ಆಫೀಸಿಗೆ ಬರದು ಕೇಳು, ಉತ್ತರಾನೂ ಬರಹದಾಗೇ ತಗೋ. ಕೆಲಸದವರು ಹತ್ತು ಮಂದಿ ಆದ್ರ ಇಎಸ್‌ಐ (ಕಾರ್ಮಿಕರ ವಿಮೆ), ಇಪ್ಪತ್ತು ಆದ್ರ ಪಿಎಫ್ (ಭವಿಷ್ಯ ನಿಧಿ) ಬರ್ತದ. ಹುಡುಗ್ಯಾರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಂಡು ಕುಂದರೋ ಚಾಳಿ ಹಚ್ಕೋಬ್ಯಾಡ. ಅವರನ್ನ ಪರರ ಮನಿಗೆ ಒಬ್ಬಾಕಿನ್ನೇ ಕಳಿಸ್ತಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಆ ಮನೀನೂ ಕೆಲಸದ ಜಾಗಾನೇ. ಹತ್ತು ಮಂದಿ ಆದ ಕೂಡ್ಲೆ ದೂರು ಸಮಿತಿ ಮಾಡು. ಆಕಿ ರಾತ್ರಿ ಫೋನ್ ಮಾಡಿ "ಇಲ್ಲಿ ಇರಾಕ ಆಗಂಗಿಲ್ರಿ" ಅಂದ್ರ ಕಾರಣ ಕೇಳ್ಕೋತ ಕುಂದರದೇ ಗಾಡಿ ಕಳಿಸು.

ಗಿರಾಕಿ ಸಂಗಟ ಮಾಡೋ ಕರಾರಿನ ಕಾಗದ ನನಗ ವಾಟ್ಸಾಪ್ ಮಾಡು, ಓದಿ ಹೇಳ್ತೀನಿ. ಏನೇನು ಮಾಡಂಗಿಲ್ಲ ಅನ್ನೋದು ಮೊದಲ ಪುಟದಾಗೇ ಇರಲಿ, ದೂರ ಊರಾಗಿದ್ದು ರೊಕ್ಕ ಕೊಡೋ ಮಗನೂ ಸಹಿ ಮಾಡ್ಲಿ. ಮತ್ತ, ಮೊಳಕಾಲು ನೋವಿನ ಗುಳಿಗಿ ಖಾಲಿ ಹೊಟ್ಟಿಲೆ ನುಂಗಬ್ಯಾಡ ಅಂತ ನಿಮ್ಮವ್ವಗ ಹೇಳು.

ನಿನ್ನ ದೊಡ್ಡವ್ವ