ಅರಿಜೋನಾದಿಂದ ಬಯಲುಸೀಮೆಯ ಗೆಳೆಯನಿಗೆ

ಪ್ರಿಯ ಗೆಳೆಯ,

ಚಳ್ಳಕೆರೆಯ ಬಿಸಿಲು ಸಾಲದೆಂದು ವಿಮಾನ ಹತ್ತಿ ಹೋದೆಯಾ ಎಂದು ಕೆಣಕಿದ್ದೀಯಲ್ಲ, ಅದಕ್ಕೆ ಇದು ಉತ್ತರ. ಚಿಕ್ಕಪ್ಪನ ಮಗನಿಗೆ ಇಲ್ಲಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯೊಂದರಲ್ಲಿ ಕೆಲಸ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಪಕ್ಕದ ಚಾಂಡ್ಲರ್‌ನಲ್ಲಿ ಮನೆ. ಬೇಸಿಗೆಯಲ್ಲಿ ಬರಬೇಡ ಎಂದು ಅವನು ಹೇಳಿಯೇ ಇದ್ದ, ಆದರೆ ನಮ್ಮ ರಜೆ ಬರುವುದು ಆಗಲೇ ತಾನೇ? 2023ರಲ್ಲಿ ಇಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿಯ ಮೇಲಿತ್ತು. ನಲ್ಲಿಯನ್ನು ತಣ್ಣೀರಿನ ಕಡೆ ತಿರುಗಿಸಿದರೂ ಬರುವುದು ಬಿಸಿನೀರೇ. ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ತುಟಿ ಮಾತ್ರ ಬಿರಿಯುತ್ತದೆ. ವಾಕಿಂಗ್ ಹೋಗುವವರು ಬೆಳಗಿನ ಐದಕ್ಕೆಲ್ಲ ಬೀದಿಯಲ್ಲಿರುತ್ತಾರೆ, ಆಮೇಲೆ ನರಪಿಳ್ಳೆ ಕಾಣುವುದಿಲ್ಲ.

ಚಿಕ್ಕಮ್ಮ ಹಿತ್ತಲಲ್ಲಿ ಕರಿಬೇವು ಬೆಳೆಸಿದ್ದಾಳೆ. ಬೇಸಿಗೆಯಲ್ಲಿ ಅದಕ್ಕೆ ಹಸಿರು ಪರದೆಯ ಚಪ್ಪರ, ಜನವರಿಯ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಹಳೆಯ ಬೆಡ್‌ಶೀಟಿನ ಹೊದಿಕೆ. ಗಿಡದಿಂದ ಒಂದು ಎಸಳು ಕಿತ್ತರೂ ಲೆಕ್ಕ ಕೇಳುತ್ತಾಳೆ. ಭಾನುವಾರ ಮಾರಿಕೋಪಾದ ಮಹಾಗಣಪತಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದಳು. ಕಾರು ನಿಲ್ಲಿಸಿ ಚಪ್ಪಲಿ ಬಿಡುವ ಜಾಗ ತಲುಪುವಷ್ಟರಲ್ಲಿ ದೇವರು ನೆನಪಾಗುತ್ತಾನೆ.

ನಿನಗೆ ಹೇಳಬೇಕಾದದ್ದು ಸವಾರೊ ಕಳ್ಳಿಯ ವಿಷಯ. ಟೂಸಾನ್ ಬಳಿ ಅದರ ಹೆಸರಿನಲ್ಲೇ ಒಂದು ರಾಷ್ಟ್ರೀಯ ಉದ್ಯಾನವಿದೆ. ಗುಡ್ಡದ ಮೈತುಂಬ ಕಂಬದಂಥ ಕಳ್ಳಿಗಳು, ಕೆಲವು ನಾಲ್ಕಾಳು, ಐದಾಳು ಎತ್ತರ. ಮೊದಲ ಹತ್ತು ವರ್ಷದಲ್ಲಿ ಅದು ಹೆಬ್ಬೆರಳಿನಷ್ಟೂ ಬೆಳೆದಿರುವುದಿಲ್ಲ. ಪಾಲೊ ವರ್ಡೆಯಂಥ ಮರದ ನೆರಳಿನಲ್ಲಿ ಅಡಗಿಕೊಂಡು ಬದುಕುತ್ತದೆ. ಮೊದಲ ಕೈ ಮೂಡುವ ಹೊತ್ತಿಗೆ ಐವತ್ತು ದಾಟಿ, ಕೆಲವೊಮ್ಮೆ ಎಪ್ಪತ್ತೈದೂ ದಾಟಿರುತ್ತದೆ. ಬೇರು ಆಳಕ್ಕೆ ಇಳಿಯುವುದು ಕಡಿಮೆ. ನೆಲದಡಿ ಗೇಣುದ್ದದೊಳಗೇ ಸುತ್ತಲೂ ಹರಡಿಕೊಂಡು, ಮಳೆ ಬಿದ್ದಾಗ ಸಿಕ್ಕಷ್ಟನ್ನೂ ಬಾಚಿಕೊಳ್ಳುತ್ತದೆ. ಮೈಮೇಲಿನ ನೆರಿಗೆಗಳು ಹಾರ್ಮೋನಿಯಂ ತಿದಿಯಂತೆ ನೀರು ಕುಡಿದಾಗ ಉಬ್ಬುತ್ತವೆ, ಬರಗಾಲದಲ್ಲಿ ಮಡಚಿಕೊಳ್ಳುತ್ತವೆ. ಮರಕುಟಿಗ ಕೊರೆದ ಪೊಟರೆಯ ಒಳಗೋಡೆ ಗಾಯದ ಹಕ್ಕಳೆಯಂತೆ ಗಟ್ಟಿಯಾಗುತ್ತದೆ, ಅದರಲ್ಲಿ ಆಮೇಲೆ ಪುಟ್ಟ ಗೂಬೆ ಸಂಸಾರ ಹೂಡುತ್ತದೆ. ಅನುಮತಿಯಿಲ್ಲದೆ ಇದನ್ನು ಕಡಿದರೆ ಅಪರಾಧ.

ನಾವು ಹೋದಾಗ ಹಣ್ಣಿನ ಕಾಲ. ತುದಿಯಲ್ಲಿ ಬಿರಿದ ಹಣ್ಣು, ಒಳಗೆ ಕಡುಗೆಂಪು ತಿರುಳು, ಸಾಸಿವೆಯಂಥ ಕಪ್ಪು ಬೀಜ. ಟೊಹೊನೊ ಓಧಮ್ ಎಂಬ ಇಲ್ಲಿನ ಮೂಲನಿವಾಸಿಗಳು ಸತ್ತ ಸವಾರೊದ ಒಣ ದಬ್ಬೆಗಳನ್ನೇ ಉದ್ದಕ್ಕೆ ಕಟ್ಟಿ ದೋಟಿ ಮಾಡಿಕೊಂಡು ಈ ಹಣ್ಣು ಕೀಳುತ್ತಾರೆ. ರಸ ಕುದಿಸಿ ಪಾಕ ಮಾಡುತ್ತಾರೆ, ಅದನ್ನೇ ಹುಳಿಹಿಡಿಸಿ ಮಳೆ ಕರೆಯುವ ಆಚರಣೆಯಲ್ಲಿ ಕುಡಿಯುತ್ತಾರೆ. ಅವರ ಹೊಸ ವರ್ಷ ಶುರುವಾಗುವುದೂ ಆಗಲೇ. ಮಳೆರಾಯನನ್ನು ಹೊತ್ತು ಮನೆಮನೆ ಸುತ್ತುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಗಿಡದ ಊರಿನಲ್ಲಿ ಜನ ಹುಲ್ಲುಹಾಸು ಬೆಳೆಸುತ್ತಾರಲ್ಲ, ಅದೇ ನನಗೆ ಸಿಟ್ಟು. ಗಾಲ್ಫ್ ಮೈದಾನಗಳಂತೂ ನಮ್ಮ ಮಲೆನಾಡಿನ ಹಸಿರನ್ನೂ ನಾಚಿಸುತ್ತವೆ. ಈ ಸೀಮೆಗೆ ಕೊಲರಾಡೊ ನದಿಯ ನೀರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಬರುತ್ತದೆ, ಅದೂ ಪಂಪುಗಳಿಂದ ಎತ್ತರಕ್ಕೆ ಎತ್ತಿಸಿಕೊಂಡು. ನದಿ ಬಡವಾಗಿ 2022ರಿಂದ ಅರಿಜೋನಾದ ಪಾಲಿಗೆ ಕತ್ತರಿ ಬಿದ್ದಿದೆ, ಮೊದಲು ಬಳಲಿದವರು ಹತ್ತಿ, ಕುದುರೆಮಸಾಲೆ ಬೆಳೆಯುವ ರೈತರು. ಹಾಗೆಂದು ನಾವೇನು ಕಡಿಮೆ? ಬೆಂಗಳೂರಿಗೆ ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತಂದು ಕಾರು ತೊಳೆಯುವವರು ನಾವು. ತಮ್ಮನ ಅಂಗಳದಲ್ಲಿ ಹುಲ್ಲಿಲ್ಲ, ಜಲ್ಲಿ ಹರಡಿ ನಡುವೆ ಭೂತಾಳೆ ನೆಟ್ಟಿದ್ದಾನೆ. ಅವನ ಮೇಲಿನ ನನ್ನ ಗೌರವ ಅಷ್ಟರಿಂದಲೇ ಹೆಚ್ಚಿತು.

ಗ್ರ್ಯಾಂಡ್ ಕ್ಯಾನ್ಯನ್ ಎಂಬ ಆಳ ಕಣಿವೆಯ ಫೋಟೋ ಕಳಿಸಿದ್ದೇನೆ, ನೋಡಿಕೋ. ಅಲ್ಲಿ ವಿಷ್ಣು, ಬ್ರಹ್ಮ, ಶಿವ ಎಂಬ ಹೆಸರಿನ ಶಿಖರಗಳಿವೆ. ತಳದ ಬಂಡೆಗೆ ಸುಮಾರು 170 ಕೋಟಿ ವರ್ಷ ಎಂದು ಫಲಕ ಓದಿ ಎಲ್ಲರೂ ಬಾಯಿಬಿಟ್ಟರು. ಲಾಲ್‌ಬಾಗಿನ ಬಂಡೆಗೆ 300 ಕೋಟಿ, ನಾವು ಅದರ ಮೇಲೆ ಕೂತು ಕಡಲೆಕಾಯಿ ಸಿಪ್ಪೆ ಉದುರಿಸುತ್ತೇವೆ.

ಹೊರಡುವ ಮುನ್ನ ಒಂದು ಸಂಜೆ ಧೂಳಿನ ಗೋಡೆಯೇ ಎದ್ದು ಬಂತು, ಅದರ ಹಿಂದೆಯೇ ನಾಲ್ಕು ಹನಿ. ಬಯಲಿನ ಕ್ರಿಯೊಸೋಟ್ ಪೊದೆಗಳಿಂದ ಎದ್ದ ಘಾಟು ನಮ್ಮ ಮಣ್ಣಿನ ವಾಸನೆಯಂತಲ್ಲ, ಔಷಧಿಯಂಗಡಿಯ ಪಕ್ಕ ಹಾದುಹೋದಂತೆ. ಚಿಕ್ಕಮ್ಮ ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟಳು.

ನಿನಗೊಂದು ಸೀಸೆ ಪಾಪಾಸುಕಳ್ಳಿ ಹಣ್ಣಿನ ಜಾಮ್ ತರುತ್ತಿದ್ದೇನೆ. ನಗಬೇಡ. ನಿಮ್ಮ ಹೊಲದ ಬೇಲಿಯ ಕಳ್ಳಿಗೂ ಭೂತಾಳೆಗೂ ಮೂಲ ಇದೇ ಅಮೆರಿಕ ಖಂಡ, ನಮ್ಮಲ್ಲಿ ಅವು ಪರದೇಶಿಗಳು. ಚಿಕ್ಕಂದಿನಲ್ಲಿ ಮುಳ್ಳು ಚುಚ್ಚಿಸಿಕೊಂಡು ಪುಕ್ಕಟೆ ತಿನ್ನುತ್ತಿದ್ದ ಹಣ್ಣಿಗೆ ಇಲ್ಲಿ ಡಾಲರ್ ಎಣಿಸಿ ಕೊಟ್ಟೆನೆಂದು ನಿನ್ನ ಅಪ್ಪನಿಗೆ ಮಾತ್ರ ಹೇಳಬೇಡ.

ನಿನ್ನ
ಗೆಳೆಯ