ಒಲಿಂಪಿಕ್ಸ್‌ಗೆ ಮೊದಲು ಹಗ್ಗ ಬರಲಿ, ಆಮೇಲೆ ಕಬಡ್ಡಿ: ಅಂಕೋಲೆಯ ಗೆಳೆಯನಿಗೊಂದು ಪತ್ರ

ಶಿರಸಿ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಮುಟ್ಟಿತು. 2036ರ ಒಲಿಂಪಿಕ್ಸ್ ಭಾರತಕ್ಕೆ ಸಿಕ್ಕರೆ ಕಬಡ್ಡಿ, ಖೊ ಖೊ, ಹಗ್ಗ ಜಗ್ಗಾಟ ಮೂರನ್ನೂ ಸೇರಿಸಲೇಬೇಕು ಅಂತ ಬರೆದಿದ್ದೀಯ. ಆಸೆ ನನಗೂ ಉಂಟು. ಆದರೆ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡ ಮಾರಾಯ. ಇವತ್ತಿನ ಮಟ್ಟಿಗೆ ಹೇಳುವುದಾದರೆ ಒಳಗೆ ಹೋಗಲು ತಯಾರಾಗಿ ನಿಂತದ್ದು ಹಗ್ಗ ಜಗ್ಗಾಟ ಒಂದೇ. ಕಬಡ್ಡಿಗೆ ಇನ್ನೂ ಕೆಲಸ ಬಾಕಿ ಇದೆ.

ಮೊದಲು ಜಾಗದ ಲೆಕ್ಕ ನೋಡು. ಬೇಸಿಗೆ ಒಲಿಂಪಿಕ್ಸ್‌ಗೆ ಸುಮಾರು 10,500 ಕ್ರೀಡಾಪಟುಗಳು ಎಂಬ ಮಿತಿ ಇಟ್ಟುಕೊಂಡಿದ್ದಾರೆ. 2014ರ ಡಿಸೆಂಬರ್‌ನಲ್ಲಿ ಒಪ್ಪಿದ ಸುಧಾರಣೆಯಿಂದಾಗಿ ಆತಿಥೇಯರು ತಮ್ಮ ಕೂಟಕ್ಕೆ ಮಾತ್ರ ಕೆಲವು ಆಟಗಳನ್ನು ಸೂಚಿಸಬಹುದು. ಟೋಕಿಯೊಗೆ ಕರಾಟೆ, ಪ್ಯಾರಿಸ್‌ಗೆ ಬ್ರೇಕಿಂಗ್ ಎಂಬ ನೃತ್ಯ ಸ್ಪರ್ಧೆ ಹೀಗೇ ಬಂದವು, ಒಂದೊಂದೇ ಕೂಟ ಆಡಿ ಹೊರಗೆ ಹೋದವು. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ ಲಾಸ್ ಏಂಜಲೀಸ್ 2028ಕ್ಕೆ ಕ್ರಿಕೆಟ್, ಸ್ಕ್ವಾಷ್, ಲಕ್ರಾಸ್, ಫ್ಲ್ಯಾಗ್ ಫುಟ್‌ಬಾಲ್, ಬೇಸ್‌ಬಾಲ್-ಸಾಫ್ಟ್‌ಬಾಲ್‌ಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಕ್ರಿಕೆಟ್ ಒಂದಕ್ಕೇ ಗಂಡಸರ ಆರು ತಂಡ, ಹೆಂಗಸರ ಆರು ತಂಡ, ಒಟ್ಟು 180 ಆಟಗಾರರು. ಕ್ರಿಕೆಟ್‌ಗೆ ಈ ಪದಕ ಇಲ್ಲದಿದ್ದರೂ ಏನೂ ಕೊರತೆ ಇರಲಿಲ್ಲ ಎಂಬುದೇ ನನ್ನ ಅಭಿಪ್ರಾಯ. ಕರಾಟೆ, ಬ್ರೇಕಿಂಗ್‌ಗೆ ಆದದ್ದು ನೋಡಿದ ಮೇಲೆ ಆತಿಥೇಯರ ಬಾಗಿಲಿನಿಂದ ಒಳಗೆ ಹೋಗುವುದನ್ನೇ ದೊಡ್ಡ ಗೆಲುವು ಅಂದುಕೊಳ್ಳಬೇಡ. ಮುಂದಿನ ಊರಿನವರೂ ಆ ಆಟ ಬೇಕು ಅನ್ನಬೇಕು.

ಹಿಂದೆ ಒಂದು ಕಟ್ಟುನಿಟ್ಟಿನ ಷರತ್ತು ಇತ್ತು: ಗಂಡಸರ ಆಟವಾದರೆ ನಾಲ್ಕು ಖಂಡಗಳ 75 ದೇಶಗಳಲ್ಲಿ, ಹೆಂಗಸರದ್ದಾದರೆ ಮೂರು ಖಂಡಗಳ 40 ದೇಶಗಳಲ್ಲಿ ಅದು ಚಾಲ್ತಿಯಲ್ಲಿರಬೇಕು. ಇದರ ಜೊತೆಗೆ ನಾನು ಇನ್ನೊಂದನ್ನು ಕೇಳುತ್ತೇನೆ. ಸೋತವನಿಗೆ ತಾನು ಯಾಕೆ ಸೋತೆ ಅಂತ ಮೈದಾನದಲ್ಲೇ ಕಾಣಬೇಕು. ಕುಸ್ತಿಗೆ 2013ರಲ್ಲಿ ಬಿದ್ದ ಪೆಟ್ಟು ನೆನಪಿದೆಯಲ್ಲ? ಹಳಿಯಾಳದ ಕಡೆ ಕುಸ್ತಿ ನೋಡಿ ಬೆಳೆದವರಿಗೆ ಆಗ ನಂಬಲಿಕ್ಕೇ ಆಗಿರಲಿಲ್ಲ. ಪ್ರಾಚೀನ ಒಲಿಂಪಿಕ್ಸ್‌ನಲ್ಲೇ ಇದ್ದ ಆಟವನ್ನು 2020ರಿಂದ ಬಿಡೋಣ ಅಂತ ಫೆಬ್ರವರಿಯಲ್ಲಿ ಶಿಫಾರಸು ಮಾಡಿದ್ದರು. ಆಗಿನ ನಿಯಮದಲ್ಲಿ ಎರಡೆರಡು ನಿಮಿಷದ ಮೂರು ಸುತ್ತು, ಪ್ರತಿ ಸುತ್ತಿಗೂ ಬೇರೆ ತೀರ್ಪು. ಫ್ರೀಸ್ಟೈಲ್‌ನಲ್ಲಿ ಸುತ್ತು ಸೊನ್ನೆ-ಸೊನ್ನೆ ಆದರೆ ಚೀಲದಿಂದ ಬಣ್ಣದ ಚೆಂಡು ಎತ್ತಿ, ಎದುರಾಳಿಯ ಕಾಲು ಹಿಡಿಯುವ ಅವಕಾಶ ಯಾರಿಗೆ ಅಂತ ನಿರ್ಧರಿಸುತ್ತಿದ್ದರು. ಪೈಲ್ವಾನನ ವರ್ಷಗಳ ಸಾಧನೆ ಒಂದು ಚೆಂಡಿನ ಬಣ್ಣದ ಮೇಲೆ! ಒಕ್ಕೂಟದವರು ನಾಯಕತ್ವ ಬದಲಿಸಿ, ಮೂರು ನಿಮಿಷದ ಎರಡು ಸುತ್ತು ಮಾಡಿ, ಅಂಕಗಳನ್ನು ಒಟ್ಟು ಸೇರಿಸಿದರು. ಸೆಪ್ಟೆಂಬರ್‌ನಲ್ಲಿ ಕುಸ್ತಿಗೆ ಜಾಗ ವಾಪಸು ಸಿಕ್ಕಿತು. ರಿಯೊದಲ್ಲಿ ಹೆಂಗಸರ ತೂಕ ವಿಭಾಗಗಳೂ ನಾಲ್ಕರಿಂದ ಆರಕ್ಕೆ ಏರಿದವು.

ಕಬಡ್ಡಿ ಮಾಡಬೇಕಾದ್ದು ಇದೇ ಕೆಲಸ. ಆಟ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ಗಂಡಸರ ಮತ್ತು ಹೆಂಗಸರ ಎರಡೂ ಚಿನ್ನ ಗೆದ್ದಾಗ ಕಬಡ್ಡಿಗೆ ಒಳ್ಳೆಯದೇ ಆಯಿತು, ನಮಗೆ ಬೇಜಾರಾದರೂ. ಸೋಲಿಸುವವರು ಇಲ್ಲದ ಆಟಕ್ಕೆ ಯಾರೂ ಪದಕ ಇಡುವುದಿಲ್ಲ. ಆದರೆ 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಕೂಟದ ಭಾರತ-ಇರಾನ್ ಗಂಡಸರ ಫೈನಲ್‌ನಲ್ಲಿ ಆದದ್ದು ನೋಡು. ಸ್ಕೋರು 28-28, ಆಟ ಮುಗಿಯಲು ಒಂದು ನಿಮಿಷದಷ್ಟು ಬಾಕಿ. ನಮ್ಮ ಪವನ್ ಸೆಹ್ರಾವತ್ ಮಾಡು-ಇಲ್ಲವೇ-ಮಡಿ ರೈಡ್‌ಗೆ, ಅಂದರೆ ಅಂಕ ತರದಿದ್ದರೆ ತಾನೇ ಔಟ್ ಆಗುವ ರೈಡ್‌ಗೆ, ಹೋದ. ಯಾರನ್ನೂ ಮುಟ್ಟುವ ಮೊದಲೇ ಲಾಬಿಗೆ (ಅಂಕಣದ ಎರಡೂ ಬದಿಯ ಪಟ್ಟಿಗೆ) ಕಾಲಿಟ್ಟ, ಅವನ ಬೆನ್ನು ಹತ್ತಿ ಇರಾನಿನ ಆಟಗಾರರೂ ಲಾಬಿಗೆ ನುಗ್ಗಿದರು. ಸ್ಪರ್ಶ ಆಗದೆ ಲಾಬಿ ತೆರೆಯುವುದಿಲ್ಲ. ಹಾಗಾದರೆ ರೈಡರ್ ಮಾತ್ರ ಔಟೋ, ಹಿಂದೆ ಬಂದವರೂ ಔಟೋ? ಪ್ರೊ ಕಬಡ್ಡಿಯ ಹೊಸ ನಿಯಮ ಒಂದು ಹೇಳುತ್ತದೆ, ಅಂತರರಾಷ್ಟ್ರೀಯ ಪುಸ್ತಕ ಇನ್ನೊಂದು. ತೀರ್ಪು ಆಚೆ ಈಚೆ ಆಗಿ, ಎರಡೂ ತಂಡ ಕೂತು, ಆಟ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33-29ರಲ್ಲಿ ಗೆದ್ದಿತು. ನಮ್ಮ ಊರ ಹೊನಲು ಬೆಳಕಿನ ಪಂದ್ಯದಲ್ಲಿ ಇಂಥ ಗಲಾಟೆ ಆದರೆ ಹಿರಿಯರು ಯಾರಾದರೂ ಮಧ್ಯೆ ಬಂದು ಸುಧಾರಿಸುತ್ತಾರೆ. ಖಂಡದ ಮಟ್ಟದ ಫೈನಲ್‌ನಲ್ಲಿ ಹಾಗೆ ನಡೆಯುವುದಿಲ್ಲ. ಲೀಗಿಗೂ ದೇಶಗಳ ಪಂದ್ಯಕ್ಕೂ ಒಂದೇ ನಿಯಮ ಪುಸ್ತಕ ಬರುವವರೆಗೆ ಕಬಡ್ಡಿಯ ಅರ್ಜಿಗೆ ಬಲ ಇಲ್ಲ. ಏಷ್ಯಾದ ಆಚೆ ಗಟ್ಟಿ ತಂಡಗಳೂ ಬೇಕು.

ಈಗ ಹಗ್ಗಕ್ಕೆ ಬರೋಣ. 1900ರಿಂದ 1920ರವರೆಗೆ ಐದು ಒಲಿಂಪಿಕ್ಸ್‌ಗಳಲ್ಲಿ ಹಗ್ಗ ಜಗ್ಗಾಟ ಇತ್ತು. 1908ರಲ್ಲಿ ಲಂಡನ್ ನಗರ ಪೊಲೀಸರು ಚಿನ್ನ ಗೆದ್ದರು. ಅದೇ ಕೂಟದಲ್ಲಿ ಲಿವರ್‌ಪೂಲ್ ಪೊಲೀಸರ ಕಬ್ಬಿಣದ ಅಂಚಿನ ಭಾರೀ ಬೂಟಿನ ಬಗ್ಗೆ ತಕರಾರು ಎತ್ತಿ ಅಮೆರಿಕದವರು ಹೊರನಡೆದರು. 1912ರಲ್ಲಂತೂ ಸ್ವೀಡನ್ ಮತ್ತು ಬ್ರಿಟನ್ ಬಿಟ್ಟರೆ ಬೇರೆ ಯಾರೂ ಅಖಾಡಕ್ಕೆ ಇಳಿಯಲಿಲ್ಲ. ಈಗ ಬೂಟಿನ ತಕರಾರಿಗೆ ದಾರಿಯೇ ಇಲ್ಲ. ಹಿಮ್ಮಡಿಗೆ ಲೋಹದ ಪಟ್ಟಿ ಇರಬಹುದು, ಆದರೆ 6.5 ಮಿ.ಮೀ.ಗಿಂತ ದಪ್ಪ ಇರಕೂಡದು, ಅಂಚಿನಿಂದ ಹೊರಗೆ ಚಾಚಕೂಡದು. ಅಂತರರಾಷ್ಟ್ರೀಯ ಒಕ್ಕೂಟ 1960ರಿಂದ ಇದೆ, 1999ರಲ್ಲಿ ಒಲಿಂಪಿಕ್ ಸಮಿತಿಯ ಮಾನ್ಯತೆಯೂ ಸಿಕ್ಕಿದೆ. ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಗಳ ವಿಶ್ವ ಕ್ರೀಡಾಕೂಟದಲ್ಲಿ 1981ರಿಂದ ಆಡುತ್ತಿದ್ದಾರೆ. ಹೊರಾಂಗಣದಲ್ಲಿ ಸ್ವಿಟ್ಜರ್ಲೆಂಡ್, ಇಂಗ್ಲೆಂಡ್‌ನವರು ಬಲಿಷ್ಠರಾದರೆ ಒಳಾಂಗಣದ ರಬ್ಬರ್ ಮ್ಯಾಟ್ ಮೇಲೆ ತೈವಾನಿನ ಹೆಣ್ಣುಮಕ್ಕಳು ಚಿನ್ನ ಗೆದ್ದಿದ್ದಾರೆ.

ನಿಮ್ಮ ಯುವಕ ಮಂಡಳದವರು ದಸರೆಗೆ ಪಂದ್ಯ ಇಡುವವರಿದ್ದಾರೆ ಅಂದೆಯಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ತಂಡಕ್ಕೆ ಎಂಟು ಜನ. ವಿಭಾಗ ತಂಡದ ಒಟ್ಟು ತೂಕದ ಮೇಲೆ. 640 ಕೆ.ಜಿ. ವಿಭಾಗ ಅಂದರೆ ತಲೆಗೆ ಸರಾಸರಿ 80, ಹೆಂಗಸರ 540 ಅಂದರೆ ಸರಾಸರಿ 67.5. ಸೊಸೈಟಿಯಲ್ಲಿ ಅಡಿಕೆ ಚೀಲ ತೂಗುವ ಯಂತ್ರದ ಮೇಲೆ ಎಂಟೂ ಜನರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಕೂಡಿಸು, ಸಾಕು. ನಮ್ಮ ಕಡೆ ಪಂದ್ಯ ಕೆಡುವುದು ಮೊದಲು ಇಲ್ಲೇ: ತೂಕ ನೋಡದೆ ತಲೆ ಮಾತ್ರ ಎಣಿಸುತ್ತಾರೆ.

ಹಗ್ಗದ ಸುತ್ತಳತೆ 10ರಿಂದ 12.5 ಸೆಂ.ಮೀ., ಅಂದರೆ ವ್ಯಾಸ ಹೆಚ್ಚುಕಡಿಮೆ 3.2ರಿಂದ 4 ಸೆಂ.ಮೀ. ಉದ್ದ ಕನಿಷ್ಠ 33.5 ಮೀಟರ್. ಗಂಟು, ಕುಣಿಕೆ ಯಾವುದೂ ಇರಬಾರದು. ನಡುವೆ ಒಂದು ಪಟ್ಟಿ, ಅಲ್ಲಿಂದ ಎರಡೂ ಕಡೆ 4 ಮೀಟರಿಗೆ ಒಂದೊಂದು, 5 ಮೀಟರಿಗೆ ಮತ್ತೊಂದೊಂದು. ಮುಂದಿನವನ ಹಿಡಿತ 5 ಮೀಟರಿನ ಗುರುತಿನ ಹತ್ತಿರ. ನೆಲದ ಮೇಲೆ ಒಂದೇ ಗೆರೆ. ಎದುರಾಳಿಯ ಕಡೆಯ 4 ಮೀಟರ್ ಗುರುತು ಆ ಗೆರೆ ದಾಟಿತೋ, ಎಳೆತ ಮುಗಿಯಿತು. ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ಎಷ್ಟು ದೂರದಲ್ಲಿ ನಿಂತರೂ ಯಾರು ಗೆದ್ದರು ಅಂತ ಕಾಣುತ್ತದೆ.

ಎಳೆಯುವುದು ತೋಳಿನಿಂದ ಅಲ್ಲ. ತೋಳು ನೀಟ, ಅಂಗೈ ಮೇಲ್ಮುಖ, ಹಗ್ಗ ಕಂಕುಳಿನ ಕೆಳಗೆ ದೇಹಕ್ಕೆ ತಾಗಿಕೊಂಡು ಹೋಗಬೇಕು. ಪಾದ ಮಂಡಿಗಿಂತ ಮುಂದೆ. ಹಿಮ್ಮಡಿಯ ಅಂಚನ್ನು ನೆಲಕ್ಕೆ ಊರಿ ಸೊಂಟ ಬಗ್ಗಿಸದೆ ಹಿಂದಕ್ಕೆ ವಾಲಬೇಕು. ಮೊಣಕೈ ಮಡಚಿದವನ ಮುಂಗೈ ಅರ್ಧ ನಿಮಿಷದಲ್ಲಿ ಉರಿಯತೊಡಗುತ್ತದೆ, ಆಮೇಲೆ ಹಗ್ಗ ಜಾರುತ್ತದೆ. ಒಬ್ಬ ಹಗ್ಗವನ್ನು ಎತ್ತರಕ್ಕೆ ಹಿಡಿದು ಪಕ್ಕದವನು ತಗ್ಗಿಸಿ ಹಿಡಿದರೆ ಬಲದ ಒಂದು ಪಾಲು ಹಗ್ಗವನ್ನು ಮೇಲೆ ಕೆಳಗೆ ಮಾಡುವುದರಲ್ಲೇ ಹೋಗುತ್ತದೆ, ಎಂಟೂ ಹಿಡಿತ ಒಂದೇ ಸಾಲಿನಲ್ಲಿರಬೇಕು. ಹೆಜ್ಜೆ ಗೇಣುದ್ದಕ್ಕಿಂತ ಹೆಚ್ಚು ಬೇಡ. ದೊಡ್ಡ ಹೆಜ್ಜೆ ಎತ್ತಿದ ಕ್ಷಣ ಆ ಮನುಷ್ಯನ ತೂಕ ನೆಲಕ್ಕೆ ಸಿಗುವುದಿಲ್ಲ, ಬಲ್ಲ ತಂಡ ಆಗಲೇ ಜಗ್ಗುತ್ತದೆ. ಅಲ್ಲಿಯವರೆಗೆ ಅದು ತಡೆದು ನಿಂತು, ಎದುರಿನವರ ಉಸಿರು ಕೆಡುವುದನ್ನು ಕಾಯುತ್ತದೆ.

ಕೊನೆಯವನ ಹಗ್ಗಕ್ಕೆ ಬೇರೆ ಕ್ರಮ: ಒಂದು ಕಂಕುಳಿನ ಕೆಳಗಿಂದ ಬೆನ್ನಿಗೆ ಓರೆಯಾಗಿ ಹೋಗಿ, ಎದುರು ಭುಜದ ಮೇಲಿಂದ ಮುಂದಕ್ಕೆ ಬಂದು, ಮತ್ತೆ ಕಂಕುಳಿನ ಕೆಳಗಿಂದ ಹಿಂದಕ್ಕೆ. ಉಳಿದ ತುದಿ ನೆಲದ ಮೇಲೆ ಬಿಡಿಯಾಗಿ ಬಿದ್ದಿರಬೇಕು. ನಮ್ಮಲ್ಲಿ ಇವನು ಹಗ್ಗವನ್ನು ಸೊಂಟಕ್ಕೇ ಬಿಗಿದುಕೊಳ್ಳುತ್ತಾನೆ, ತಂಡ ಕುಸಿದರೆ ಬಿಡಿಸಿಕೊಳ್ಳಲು ಆಗದೆ ದರದರ ಎಳೆಸಿಕೊಂಡು ಹೋಗುತ್ತಾನೆ. ಅದಕ್ಕೆ ಖಂಡಿತ ಆಸ್ಪದ ಕೊಡಬೇಡ. ಕೈಗೆ ಹಗ್ಗ ಸುತ್ತಿಕೊಳ್ಳಲೂ ಆಸ್ಪದ ಕೊಡಬೇಡ, ಬೆರಳು ಹೋಗುತ್ತದೆ. ಅಂಗೈಗೆ ರಾಳದ ಪುಡಿ ಹಚ್ಚಬಹುದು, ಕೈಗವಸು ಇಲ್ಲ. ಕೂರುವುದು, ಪಾದ ಬಿಟ್ಟು ಬೇರೆ ಅಂಗ ನೆಲಕ್ಕೆ ಊರುವುದು, ಕೈ ಬದಲಿಸುತ್ತ ಹಗ್ಗ ಏರುವುದು ಎಲ್ಲ ತಪ್ಪು. ಒಂದು ಎಳೆತದಲ್ಲಿ ಎರಡು ಎಚ್ಚರಿಕೆ ಆದಮೇಲೆ ತಂಡವನ್ನು ಹೊರಗೆ ಹಾಕಬಹುದು. ತೀರ್ಪುಗಾರನ ಕರೆ ನಾಲ್ಕು: ಹಗ್ಗ ಎತ್ತಿ, ಬಿಗಿ ಮಾಡಿ, ಅಲುಗಬೇಡಿ, ಎಳೆಯಿರಿ. ನಡುವಿನ ಪಟ್ಟಿ ಗೆರೆಯ ಮೇಲೆ ನಿಲ್ಲುವವರೆಗೆ ನಾಲ್ಕನೆಯದನ್ನು ಕೂಗಕೂಡದು.

ದೋಣಿಗೆ ಕಟ್ಟುವ ತೆಳು ನೈಲಾನ್ ಹಗ್ಗ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡ. ಅದು ಹಿಗ್ಗುತ್ತ ಹೋಗಿ, ತುಂಡಾದಾಗ ಚಾಟಿಯ ಹಾಗೆ ಹಿಂದಕ್ಕೆ ಹೊಡೆಯುತ್ತದೆ. 1997ರ ಅಕ್ಟೋಬರ್ 25ರಂದು ತೈಪೆಯಲ್ಲಿ ಸುಮಾರು 1,600 ಜನ ಒಂದೇ ಹಗ್ಗ ಜಗ್ಗುವಾಗ ಅದು ಕಡಿದು ಇಬ್ಬರ ತೋಳೇ ಕಿತ್ತುಬಂದಿತು. ಎಂಟರ ಮೇಲೆ ಒಂಬತ್ತನೆಯವನು ಹಿಂದಿನಿಂದ ಕೈ ಹಾಕದಂತೆ ಎರಡೂ ತುದಿಗೆ ಒಬ್ಬೊಬ್ಬರನ್ನು ನಿಲ್ಲಿಸು.

ಒಲಿಂಪಿಕ್ಸ್ ಲೆಕ್ಕಕ್ಕೆ ತಿರುಗಿ ಬಂದರೆ, ಎಂಟು ತಂಡ ಗಂಡಸರದ್ದು, ಎಂಟು ಹೆಂಗಸರದ್ದು ಅಂತ ಇಟ್ಟರೂ ಎಳೆಯುವವರು 128 ಜನ. ಕ್ರೀಡಾಂಗಣ ಹೊಸದು ಬೇಡ, ಒಂದು ಹುಲ್ಲುಗಾವಲು ಸಾಕು. ಬಡ ದೇಶಕ್ಕೂ ತಂಡ ಕಟ್ಟುವುದು ಹೊರೆಯಲ್ಲ. ಇಷ್ಟು ಕಡಿಮೆ ಕೇಳಿ ಇಷ್ಟು ನಿಚ್ಚಳ ತೀರ್ಪು ಕೊಡುವ ತಂಡದ ಆಟ ನನಗೆ ಬೇರೆ ಕಾಣುವುದಿಲ್ಲ.

ಕರಾವಳಿಗೆ ಇದರಲ್ಲಿ ಏನಿದೆ ಅಂತ ಕೇಳಿದ್ದೀಯ. ಇದೆ, ಈಗಾಗಲೇ ಒಳಗೆ ಬಂದೂ ಆಗಿದೆ. 2028ಕ್ಕೆ ರೋಯಿಂಗ್‌ನ ಹಗುರ ತೂಕದ ವಿಭಾಗ ತೆಗೆದು ಬೀಚ್ ಸ್ಪ್ರಿಂಟ್ ಇಟ್ಟಿದ್ದಾರೆ. ತೆಗೆದದ್ದು ನನಗೆ ನೋವಿನ ಸಂಗತಿ. ಗಂಡಸರಿಗೆ 72.5 ಕೆ.ಜಿ. ಮಿತಿಯ ಆ ವಿಭಾಗದಲ್ಲೇ ನಮ್ಮ ಅರ್ಜುನ್ ಲಾಲ್ ಜಾಟ್, ಅರವಿಂದ್ ಸಿಂಗ್ ಟೋಕಿಯೊದಲ್ಲಿ 11ನೇ ಸ್ಥಾನಕ್ಕೆ ಬಂದಿದ್ದರು. ಬಂದದ್ದು ಮಾತ್ರ ನಿಮ್ಮ ಊರಿಗೆ ಹೇಳಿ ಮಾಡಿಸಿದ್ದು. ಹೊಯ್ಗೆಯ ಮೇಲೆ 10ರಿಂದ 50 ಮೀಟರ್ ಓಡಿ, ಸಹಾಯಕರು ಹಿಡಿದು ನಿಂತ ದೋಣಿಗೆ ಹಾರಿ, ಬೋಯಿಗಳ (ನೀರಿನ ಮೇಲೆ ತೇಲುವ ಗುರುತುಗಳ) ನಡುವೆ ಹಾವಿನಂತೆ ಸಾಗಿ 250 ಮೀಟರ್, ತಿರುಗಿ ನೇರ 250 ಮೀಟರ್, ದಡಕ್ಕೆ ಹಾರಿ ಮತ್ತೆ ಓಟ. ಇಬ್ಬರಿಬ್ಬರ ನಡುವೆ ಪೈಪೋಟಿ, ಸೋತವನು ಹೊರಗೆ. ಒಬ್ಬರ ದೋಣಿ 6 ಮೀಟರ್ ಉದ್ದ, ಕನಿಷ್ಠ 35 ಕೆ.ಜಿ. ಇಬ್ಬರದ್ದು 7.5 ಮೀಟರ್, 60 ಕೆ.ಜಿ.

ಕೆಡುವುದೆಲ್ಲ ದಡದಲ್ಲೇ. ದೋಣಿಯ ಮೂತಿ ತೆರೆಗೆ ನೇರ ಇರದಿದ್ದರೆ ಮೊದಲ ತೆರೆಯೇ ಅಡ್ಡ ಹಾಕಿ ಮಗುಚುತ್ತದೆ. ತೀರಾ ತೆಳುನೀರಿನಲ್ಲಿ ಹತ್ತಿದರೆ ತಳದ ರೆಕ್ಕೆ ಹೊಯ್ಗೆಗೆ ಸಿಕ್ಕಿಕೊಳ್ಳುತ್ತದೆ. ವಾಪಸು ಬರುವಾಗ ತೆರೆ ಹಿಂದಿನಿಂದ ಎತ್ತುತ್ತದೆ, ಮೈಭಾರ ಹಿಂದಕ್ಕೆ ಹಾಕದಿದ್ದರೆ ಮೂತಿ ನೀರಿಗೆ ಚುಚ್ಚುತ್ತದೆ. ಎರಡು ತೆರೆಯ ನಡುವಿನ ಬಿಡುವು ನೋಡಿ ಪಾತಿ ದೋಣಿ ದೂಡುವ ನಿಮ್ಮ ಮೀನುಗಾರ ಹುಡುಗರಿಗೆ ಇದರ ಅರ್ಧ ಪಾಠ ಮೊದಲೇ ಗೊತ್ತು. ಹಿಂದಕ್ಕೆ ಮುಖ ಮಾಡಿ ಎರಡು ಹುಟ್ಟು ಹಾಕುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು.

ನವೆಂಬರಿನಲ್ಲಿ ಸಮುದ್ರ ಶಾಂತವಾದ ಮೇಲೆ ಎರಡು ಬೋಯಿ ತೇಲಿಬಿಟ್ಟು, ಓಡಿ ಬಂದು ದೋಣಿ ಹತ್ತಿ ಮೊದಲ ಹುಟ್ಟು ಬೀಳುವವರೆಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಅಂತ ನಾಲ್ಕಾರು ಹುಡುಗರದ್ದು ಅಳೆದು ಕಳಿಸು. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ನೀರಿಗೆ ಇಳಿಸಬೇಡ. ಖೊ ಖೊ ಬಗ್ಗೆ ನಿನ್ನ ವಾದ ಪೂರ್ತಿ ಬರೆ, ಅದಕ್ಕೆ ಬೇರೆ ಪತ್ರದಲ್ಲಿ ಉತ್ತರ ಕೊಡುತ್ತೇನೆ.

ಇಂತಿ ನಿನ್ನ
ಶಿರಸಿಯ ಗೆಳೆಯ