ನಾಯಿ ಬೋರ್ಡಿಂಗ್‌ನವರು ಒಂದು ಸಾಲಿನ ಸಂದೇಶ ಕಳಿಸಲಿ

ಮಾನ್ಯ ಸಂಪಾದಕರೇ,

ದಸರಾ ರಜೆಗೆ ಊರಿಗೆ ಹೋದವರೆಲ್ಲ ಮರಳಿ ಬಂದಿದ್ದಾರೆ. ಅವರ ನಾಯಿಗಳೂ ಬೋರ್ಡಿಂಗ್‌ನಿಂದ ಮನೆಗೆ ಬಂದಿವೆ. ಈಗ ನಮ್ಮ ಬೀದಿಯಲ್ಲಿ ರಾತ್ರಿ ಬೊಗಳುವುದಕ್ಕಿಂತ ಕೆಮ್ಮುವುದೇ ಹೆಚ್ಚು ಕೇಳಿಸುತ್ತಿದೆ. ನಾಯಿಯಿಂದ ನಾಯಿಗೆ ಹರಡುವ ಈ ಕೆಮ್ಮನ್ನು ಪಶುವೈದ್ಯರು ಕೆನಲ್ ಕಾಫ್ ಅನ್ನುತ್ತಾರೆ.

ನಮ್ಮ ಚಿನ್ನಿ ಬಂದಾಗ ಚೆನ್ನಾಗಿಯೇ ಇದ್ದಳು. ಸೋಂಕು ತಗುಲಿ 2ರಿಂದ 14 ದಿನಗಳ ಒಳಗೆ ಯಾವಾಗ ಬೇಕಾದರೂ ಕೆಮ್ಮು ಶುರುವಾಗಬಹುದಂತೆ. ಅಷ್ಟು ಹೊತ್ತಿಗೆ ಬೋರ್ಡಿಂಗ್ ಯಾರಿಗೂ ನೆನಪಿರುವುದಿಲ್ಲ. ತಣ್ಣೀರು ಸ್ನಾನ, ಮಳೆ, ಮೊಮ್ಮಗ ಕದ್ದು ಕೊಟ್ಟ ಐಸ್‌ಕ್ರೀಮ್, ಇವುಗಳ ಮೇಲೆ ತಪ್ಪು ಹೊರಿಸುತ್ತೇವೆ. ಮುಂಗಾಲು ಅಗಲಿಸಿ, ಕತ್ತು ಚಾಚಿ, ಒಣಕೆಮ್ಮು ಕೆಮ್ಮಿ ಕೊನೆಗೆ ‘ಖಕ್’ ಎಂದು ಒಂದಿಷ್ಟು ಬಿಳಿ ನೊರೆ ಕಕ್ಕುವುದನ್ನು ನೋಡಿದರೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದೇ ಅನ್ನಿಸುತ್ತದೆ. ಪಕ್ಕದ ಮನೆಯವರಂತೂ ಬಾಯೊಳಗೆ ಕೈ ಹಾಕಿ ತೆಗೆಯಲು ಸಿದ್ಧರಾಗಿದ್ದರು.

ವೈದ್ಯರು ಎದೆ ಪರೀಕ್ಷಿಸಿ, ಜ್ವರ ನೋಡಿ, ‘ಊಟ ಮಾಡುತ್ತಿದ್ದಾಳೆ, ಶ್ವಾಸಕೋಶ ಚೆನ್ನಾಗಿದೆ, ಆಂಟಿಬಯೋಟಿಕ್ ಈಗ ಬೇಡ, ಮನೆಯಲ್ಲೇ ನೋಡಿಕೊಳ್ಳಿ’ ಎಂದರು. ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾದಂಥ ವೈರಸ್‌ಗಳು ಸೇರಿ ತರುವ ಈ ಕೆಮ್ಮು ಗಟ್ಟಿಮುಟ್ಟಾದ ನಾಯಿಗಳಿಗೆ ಸಾಮಾನ್ಯವಾಗಿ ಮೂರು ವಾರದೊಳಗೆ ತಾನಾಗಿ ಇಳಿಯುತ್ತದೆ.

ಮನೆಯಲ್ಲಿ ಮಾಡಿದ್ದು ಹೆಚ್ಚೇನಲ್ಲ. ಕತ್ತಿನ ಬೆಲ್ಟ್ ಬಿಚ್ಚಿ ಎದೆಗೆ ಹಾರ್ನೆಸ್ ಹಾಕಿದೆವು. ಬೆಲ್ಟ್ ಗಂಟಲನ್ನು ಒತ್ತಿದಾಗೆಲ್ಲ ಕೆಮ್ಮು ಕೆರಳುತ್ತಿತ್ತು, ಆ ಕಾಟ ಅಂದೇ ತಪ್ಪಿತು. ರಾತ್ರಿ ಬಚ್ಚಲುಮನೆಯಲ್ಲಿ ಬಿಸಿನೀರಿನ ನಲ್ಲಿ ಬಿಟ್ಟು, ಬಾಗಿಲು ಮುಚ್ಚಿ, ಹಬೆ ತುಂಬಿದ ಮೇಲೆ ಅವಳ ಜೊತೆ ಸ್ಟೂಲ್ ಹಾಕಿಕೊಂಡು ಹತ್ತು ನಿಮಿಷ ಕೂರುತ್ತಿದ್ದೆ. ಮೆತ್ತಗಿನ ಅನ್ನ, ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಜೇನು (ಎಳೆಯ ಮರಿಗಳಿಗೆ, ಸಕ್ಕರೆ ಕಾಯಿಲೆಯ ನಾಯಿಗಳಿಗೆ ಜೇನು ಬೇಡ). ಓಟ, ಚೆಂಡಾಟ ಬಂದ್. ತಮ್ಮ ಕೆಮ್ಮಿಗೆ ಈ ಮನೆಯಲ್ಲಿ ಎಂದೂ ಇಷ್ಟು ಉಪಚಾರ ಸಿಕ್ಕಿಲ್ಲವೆಂದು ನಮ್ಮೆಜಮಾನರ ದೂರು.

ಆದರೆ ಸಲಹೆಗಳು ಬರುವ ರೀತಿ ನೋಡಿದರೆ ಭಯವಾಗುತ್ತದೆ. ಮೆಡಿಕಲ್ ಶಾಪಿನ ಹುಡುಗ ಮಕ್ಕಳ ಕೆಮ್ಮಿನ ಸಿರಪ್ಪನ್ನು ‘ಅರ್ಧ ಮುಚ್ಚಳ ಹಾಕಿ, ಏನಾಗಲ್ಲ ಆಂಟಿ’ ಎಂದು ಕೊಡಲು ಬಂದ. ಕೆಲವು ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ, ಸಕ್ಕರೆರಹಿತ ಕೆಲವದರಲ್ಲಿ ಸಿಹಿಗಾಗಿ ಹಾಕುವ ಜೈಲಿಟಾಲ್ ಇರುತ್ತದೆ. ಎರಡೂ ನಾಯಿಗೆ ವಿಷ. ಇನ್ನೊಬ್ಬರು ಈರುಳ್ಳಿ ರಸ, ಬೆಳ್ಳುಳ್ಳಿ ಎಂದರು. ಅವು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಹಬೆಯ ನೀರಿಗೆ ನೀಲಗಿರಿ ಎಣ್ಣೆ, ಕರ್ಪೂರವನ್ನೂ ಹಾಕಬಾರದು.

ಊಟ ಬಿಟ್ಟರೆ, ಉಸಿರಾಡುವಾಗ ಪಕ್ಕೆ ಎಳೆದುಕೊಂಡರೆ, ಮೂಗಿನಿಂದ ಹಳದಿ ಸಿಂಬಳ ಸುರಿದರೆ, ಜ್ವರ 103 ಡಿಗ್ರಿ ದಾಟಿದರೆ ಮನೆಯಲ್ಲಿ ಕಾಯದೆ ವೈದ್ಯರ ಹತ್ತಿರ ಓಡಬೇಕು. ಲಸಿಕೆ ಆಗದ ಮರಿಗಳಲ್ಲಿ ಡಿಸ್ಟೆಂಪರ್ ಎಂಬ ಮಾರಕ ವೈರಸ್ ಕಾಯಿಲೆ ಕೂಡ ಕೆಮ್ಮಿನಿಂದಲೇ ಶುರುವಾಗಬಹುದು. ವಯಸ್ಸಾದ ನಾಯಿಯ ಕೆಮ್ಮಿಗೆ ಹೃದಯದ ತೊಂದರೆಯೂ ಕಾರಣವಿರಬಹುದು.

ಈಗ ನನ್ನ ತಕರಾರು. ನಾವು ಬೋರ್ಡಿಂಗ್‌ಗೆ ಫೋನ್ ಮಾಡಿದಾಗ ‘ನಮ್ಮಲ್ಲಿ ಯಾವ ನಾಯಿಗೂ ಕೆಮ್ಮಿಲ್ಲ ಮೇಡಂ’ ಎಂಬ ಉತ್ತರ ಬಂತು. ಅದೇ ವಾರ ಅಲ್ಲಿ ಪಗ್ ಬಿಟ್ಟಿದ್ದವರು ಪಾರ್ಕಿನಲ್ಲಿ ಸಿಕ್ಕಿ, ತಮ್ಮದು ಅಲ್ಲಿದ್ದಾಗಲೇ ಕೆಮ್ಮುತ್ತಿತ್ತು ಎಂದರು! ಸೇರಿಸಿಕೊಳ್ಳುವಾಗ ಅವರು ನೋಡಿದ್ದು ರೇಬೀಸ್ ಲಸಿಕೆಯ ಕಾರ್ಡ್ ಮಾತ್ರ. ಬೋರ್ಡೆಟೆಲ್ಲಾಗೆ ಮೂಗಿಗೆ ಹನಿ ಬಿಡುವ ಲಸಿಕೆ ಬೇರೆಯೇ ಇದೆ. ಅದು ಕೆಮ್ಮನ್ನು ಪೂರ್ತಿ ತಡೆಯದಿದ್ದರೂ ತೀವ್ರತೆ ತಗ್ಗಿಸುತ್ತದೆ. ಅದನ್ನು ಕೇಳುವ ಪದ್ಧತಿ ಬರಲಿ. ಒಂದು ನಾಯಿ ಕೆಮ್ಮಿದರೂ ಆ ದಿನಗಳಲ್ಲಿ ಬಿಟ್ಟುಹೋದ ಎಲ್ಲರಿಗೂ ತಿಳಿಸಲಿ. ಗೊತ್ತಿದ್ದರೆ ಚಿನ್ನಿಯನ್ನು ನಾವು ಪಾರ್ಕಿಗೇ ಕರೆದೊಯ್ಯುತ್ತಿರಲಿಲ್ಲ, ಬೀದಿನಾಯಿಗಳ ನೀರಿನ ತೊಟ್ಟಿಗೆ ಬಾಯಿ ಹಾಕಲೂ ಬಿಡುತ್ತಿರಲಿಲ್ಲ. ನಾಯಿಗಳ ಫೋಟೊ ಹಾಕಲು ಅವರು ನಡೆಸುವ ವಾಟ್ಸ್‌ಆ್ಯಪ್ ಗುಂಪು ಇದ್ದೇ ಇದೆ. ದೀಪಾವಳಿ ರಜೆಯಿಂದಲೇ ಇದು ಶುರುವಾಗಲಿ.

— ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು